ಒಳಗಿದ್ದವನು ಯಾರೋ ಒಬ್ಬ

ಜನವರಿ ೯

ಅಕ್ಕಾ,

ಈ ಕಾಗದ ಮನೆಗೆ ಬಾರದೆ ನಿನ್ನ ಹೊಲಿಗೆ ಅಂಗಡಿಗೆ ಯಾಕೆ ಬಂತು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು ಅದನ್ನು ಅಮ್ಮನ ಕಿವಿಯಲ್ಲಿ ಇನ್ನೊಮ್ಮೆ ಕೂಗಿ ಹೇಳಬೇಕು. ಇದು ಕೂಗಿ ಹೇಳುವ ಸುದ್ದಿಯಲ್ಲ.

ನಾನಿರುವ ಊರಿನ ಹೊರಗೆ ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯೊಂದಿದೆ. ಹೋದ ಬೇಸಿಗೆಯಲ್ಲಿ ಅದರ ಒಣಗಿಸುವ ಕೋಣೆಗೆ ಬೆಂಕಿ ಬಿದ್ದು ಒಬ್ಬ ಸತ್ತ. ಗುರುತು ಹಿಡಿಯುವಷ್ಟೂ ಉಳಿದಿರಲಿಲ್ಲವಂತೆ. ಕೇಳಿಕೊಂಡು ಯಾರೂ ಬರಲಿಲ್ಲವೆಂದು ನಗರಸಭೆಯವರೇ ಸುಟ್ಟು, ಬೂದಿಯನ್ನು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಾರೆ. ಈಗ ವಿಚಾರಣೆ ಶುರುವಾಗುತ್ತದೆ. ನಮ್ಮ ಭಾಷೆಯವನೊಬ್ಬ ಸಾಕ್ಷಿಯಿದ್ದಾನೆ, ದುಭಾಷಿ ಬೇಕು ಅಂತ ನನ್ನನ್ನು ಕರೆದಿದ್ದಾರೆ.

ನಮ್ಮ ತಮ್ಮ, ಆ ಮೊಂಡ, ಕೊನೆಯ ಸಲ ಅಮ್ಮನಿಗೆ ಫೋನ್ ಮಾಡಿದ್ದು ಯಾವಾಗ? ಅದೇ ಬೇಸಿಗೆಯಲ್ಲಿ. ‘ಬಟ್ಟೆ ಕೆಲಸ ಸಿಕ್ಕಿದೆ, ಒಳಗೆ ಕಾಲಿಟ್ಟರೆ ಬೆವರು ಕಿತ್ತುಕೊಂಡು ಬರುತ್ತೆ’ ಅಂದಿದ್ದನಂತೆ. ನೀನು ಬಟ್ಟೆ ಕೆಲಸ ಅಂದರೆ ನಿನ್ನ ಹಾಗೆ ಹೊಲಿಗೆ ಅಂದುಕೊಂಡು ನಕ್ಕಿದ್ದೆ. ಪರವಾನಗಿ ಇಲ್ಲದೆ ಈ ದೇಶದಲ್ಲಿ ಉಳಿಯಬೇಡ ಅಂತ ನಾನು ಬೈದ ಮೇಲೆ ಅವನು ನನಗೆ ವಿಳಾಸ ಕೊಡುವುದನ್ನೇ ಬಿಟ್ಟಿದ್ದ. ಹಾಗಾಗಿ ಎಲ್ಲಿದ್ದ, ಏನು ಮಾಡುತ್ತಿದ್ದ, ಒಂದೂ ಗೊತ್ತಿಲ್ಲ.

ಸತ್ತವರು ನಮ್ಮವರಾದರೆ ದುಭಾಷಿ ಹಿಂದೆ ಸರಿಯಬೇಕು, ಅದು ನಮ್ಮ ಕೆಲಸದ ನಿಯಮ. ಆದರೆ ನಮ್ಮವನು ಅಂತ ನನಗೆ ಗೊತ್ತಿಲ್ಲವಲ್ಲ. ಬರೀ ಅನುಮಾನಕ್ಕೆ ನಿಯಮವಿಲ್ಲ. ಒಪ್ಪಿಕೊಂಡಿದ್ದೇನೆ. ಅಮ್ಮನ ಮುಂದೆ ತುಟಿ ಬಿಚ್ಚಬೇಡ.

ನಿನ್ನ ತಂಗಿ

&nbsp;

ಜನವರಿ ೨೭

ಪುಟ್ಟೀ,

ಮೊದಲು ಬಿಡ್ತು ಅನ್ನು. ಬರೆದ ಕೈಯಲ್ಲೇ ಬಾಯಿ ಮುಟ್ಟಿಕೊಂಡು ಅನ್ನು.

ಆ ದೇಶದಲ್ಲಿ ಬಟ್ಟೆ ಒಗೆಯುವುದು ಅದೊಂದೇ ಕಾರ್ಖಾನೆಯಾ? ನಮ್ಮ ಮೊಂಡ ಬೆಂಕಿ ಕಂಡರೆ ಮೊದಲು ಹೊರಗೆ ಹಾರುವವನು. ಎಲ್ಲೋ ಇದ್ದಾನೆ, ಸಿಟ್ಟು ಇಳಿದಿಲ್ಲ, ಅಷ್ಟೆ. ಸಣ್ಣವನಿದ್ದಾಗ ಒಂದು ಪೆನ್ಸಿಲಿಗಾಗಿ ವಾರವೆಲ್ಲ ಮಾತು ಬಿಟ್ಟವನಲ್ಲವಾ.

ಅಮ್ಮ ಹಾಗೇ ಇದ್ದಾಳೆ. ಬೆಳಿಗ್ಗೆ ಎದ್ದರೆ ಒಂದೇ ಪ್ರಶ್ನೆ: ‘ಇವನು ಫೋನ್ ಮಾಡಿದ್ನಾ?’ ಅವನು ಹೋಗಿ ಎಷ್ಟು ವರ್ಷವಾಯಿತು, ಇವಳ ಬಾಯಲ್ಲಿ ಇನ್ನೂ ‘ಇವನು’. ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಾನೆ, ಈಗ ಒಳಗೆ ಬರುತ್ತಾನೆ ಅನ್ನುವ ಹಾಗೆ. ಎದುರಿಗೇ ಕೂತು ತಟ್ಟೆಗೆ ಬಡಿಸುವ ನಾನು ಪಕ್ಕದ ಮನೆಯವರ ಹತ್ತಿರ ‘ಅವಳು’ ಆಗುತ್ತೇನೆ. ‘ಅವಳಿಗೆ ಉಪ್ಪಿನ ಅಂದಾಜೇ ಇಲ್ಲ’ ಅನ್ನುತ್ತಾಳೆ, ನಾನು ಪಕ್ಕದಲ್ಲೇ ನಿಂತಿರುವಾಗ.

ಶಾಲೆ ಅಂಗಿಗಳ ರಾಶಿ ಬಿದ್ದಿದೆ. ನೀನು ಹೋಗು, ಕೇಳು. ಅವನಲ್ಲ ಅಂತ ತಿಳಿದ ಕೂಡಲೇ ಬರೆ. ಅವನಲ್ಲ ಅಂತಲೇ ಬರೆ.

ಅಕ್ಕ

&nbsp;

ಫೆಬ್ರವರಿ ೧೬

ಅಕ್ಕಾ,

ಬಿಡ್ತು ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೆಂದರೆ ಪಕ್ಕದ ಕೋಣೆಯವಳು ಬಾಗಿಲು ತಟ್ಟಿ ಏನಾಯಿತು ಅಂತ ಕೇಳಿದಳು.

ನಮ್ಮ ಸಾಕ್ಷಿಯ ಸರದಿ ಇನ್ನೂ ಬಂದಿಲ್ಲ. ದಿನವೂ ಹೋಗಿ ದುಭಾಷಿಗಳ ಕೋಣೆಯಲ್ಲಿ ಕೂತು ಬರುತ್ತೇನೆ. ಕಿಟಕಿಯಿಲ್ಲದ ಕೋಣೆ, ಒಂದು ಕಾಲು ಗಿಡ್ಡವಾಗಿರುವ ಮೇಜು, ಯಾವತ್ತೂ ಸರಿಯಿಲ್ಲದ ಕಾಫಿ ಯಂತ್ರ. ಅಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಬೇರೆ ಆಫೀಸಿನವರು ಸೇರಿದರೆ ಸಂಬಳದ ಮಾತಾಡುತ್ತಾರೆ, ನಾವು ಸೇರಿದರೆ ‘ನಾನು, ನೀನು, ಅವನು’ ಅಂತ ಹರಟುತ್ತೇವೆ. ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಅವರ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ. ಮೊನ್ನೆ ಅವರ ಸಾಕ್ಷಿ ಮಧ್ಯಾಹ್ನದವರೆಗೆ ಮಾತಾಡಿದ, ಇವರು ‘ಅವನು ಓಡಿದ, ಅವನು ಬಿದ್ದ’ ಅಂತ ಹೇಳುತ್ತ ಹೋದರು. ಕೊನೆಗೆ ನೋಡಿದರೆ ಆತ ಹೇಳುತ್ತಿದ್ದದ್ದು ತನ್ನ ಸೋದರತ್ತೆಯ ವಿಷಯ. ಮೇಷ್ಟ್ರಿಗೆ ನಾಚಿಕೆಯಾಗಿ ಊಟ ಸೇರಲಿಲ್ಲ.

ಇನ್ನೊಬ್ಬಳು ಹೆಚ್ಚು ಮಾತಿನವಳಲ್ಲ. ಅವಳ ಭಾಷೆಯಲ್ಲಿ ‘ನಾವು’ ಎರಡಂತೆ. ಕೇಳುವವರನ್ನು ಸೇರಿಸಿಕೊಂಡ ನಾವು ಒಂದು, ಹೊರಗಿಟ್ಟ ನಾವು ಇನ್ನೊಂದು. ಅವಳ ಗಂಡ ಮನೆಬಿಟ್ಟು ಹೋಗುವುದಕ್ಕೆ ಮೊದಲೇ ಎರಡನೆಯ ನಾವು ಹೇಳತೊಡಗಿದ್ದನಂತೆ. ನಾನು ನಮ್ಮಮ್ಮನ ‘ಇವನು’, ‘ಅವಳು’ ಹೇಳಿದೆ. ಎಲ್ಲರೂ ನಕ್ಕರು.

ಇಲ್ಲಿಯವರ ಭಾಷೆಯಲ್ಲಿ ಮನುಷ್ಯನನ್ನು ಬರೀ ಮನುಷ್ಯ ಅಂತ ಹೇಳುವಂತಿಲ್ಲ. ಮಾತಿನೊಳಗೆ ಮೊದಲ ಸಲ ಬಂದರೆ ಅವನ ಮುಂದೊಂದು ಚೋಟುದ್ದದ ಪದ ಇಡಬೇಕು, ‘ಯಾರೋ ಒಬ್ಬ’ ಅನ್ನುವ ಅರ್ಥದ್ದು. ಎರಡನೆಯ ಸಲ ಬಂದಾಗ ಅದನ್ನು ತೆಗೆದು ಇನ್ನೊಂದು ಇಡಬೇಕು, ‘ಆಗಲೇ ಹೇಳಿದೆವಲ್ಲ, ಅವನೇ’ ಅನ್ನುವಂಥದ್ದು. ನಮಗೆ ಈ ಗೋಜಿಲ್ಲ. ಆದರೆ ನೋಡು, ಬೆಂಕಿಯಲ್ಲಿ ಸತ್ತವನು ಪೊಲೀಸರ ಹೇಳಿಕೆಯಲ್ಲಿ ಎಷ್ಟು ಸಲ ಬಂದರೂ ಆ ಮೊದಲನೆಯ ಪದವನ್ನು ದಾಟಿಲ್ಲ. ಮತ್ತೆ ಮತ್ತೆ ಯಾರೋ ಒಬ್ಬ. ಕಂಪನಿಯ ವಕೀಲರದ್ದೂ ಅದೇ ಪಾಠ: ಹೊರಗಿನಿಂದ ನುಸುಳಿದ ಯಾರೋ ಒಬ್ಬ, ನಮ್ಮ ಕೆಲಸದವನಲ್ಲ.

ನನ್ನ ಕೆಲಸ ಹೇಗೆ ಅಂತ ನೀನು ಯಾವತ್ತೂ ಕೇಳಿಲ್ಲ. ಸಾಕ್ಷಿ ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ‘ಅವನು ಹೀಗೆ ಹೇಳುತ್ತಿದ್ದಾನೆ’ ಅನ್ನುವ ಹಾಗಿಲ್ಲ. ಅಂದರೆ ದುಭಾಷಿ ಅವನಿಂದ ದೂರ ಸರಿದಳು, ಅವನನ್ನು ನಂಬಲಿಲ್ಲ ಅಂತ ಲೆಕ್ಕ. ಕಳ್ಳ ಬಂದರೆ ನಾನು ಕದ್ದೆ ಅಂದಿದ್ದೇನೆ. ಹೆಂಡತಿಗೆ ಹೊಡೆದವನು ಬಂದರೆ ನಾನು ಹೊಡೆದೆ ಅಂದಿದ್ದೇನೆ. ಮೊದಮೊದಲು ಮನೆಗೆ ಬಂದು ಬಾಯಿ ಮುಕ್ಕಳಿಸುತ್ತಿದ್ದೆ. ಈಗ ಅಭ್ಯಾಸವಾಗಿದೆ.

ನಿನ್ನ ತಂಗಿ

&nbsp;

ಮಾರ್ಚ್ ೩

ಅಕ್ಕಾ,

ಇದನ್ನು ಹೊಲಿಗೆ ಯಂತ್ರದ ಮುಂದೆ ಓದಬೇಡ. ಎದ್ದು ಒಳಗೆ ಹೋಗಿ ಕೂತು ಓದು.

ನಮ್ಮ ಮೊಂಡ ಇಲ್ಲ ಅಕ್ಕಾ.

ಸಾಕ್ಷಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದವನು. ತೆಳ್ಳಗಿದ್ದಾನೆ, ನಮ್ಮ ಮೊಂಡನ ವಯಸ್ಸು. ಮಾತಾಡುವಾಗಲೂ ಅಂಗಿಯ ಅಂಚನ್ನು ಮಡಿಸುತ್ತಲೇ ಇದ್ದ. ಒಣಗಿಸುವ ಕೋಣೆಗೆ ಕಬ್ಬಿಣದ ಬಾಗಿಲು, ಚಿಲಕ ಹೊರಗಡೆ. ಕಾವು ಹೊರಗೆ ಹೋದರೆ ಬಟ್ಟೆ ಒಣಗಲು ತಡವಾಗುತ್ತದೆ ಅಂತ, ಒಳಗೆ ಆಳು ಇರಲಿ ಬಿಡಲಿ, ಗಾಡಿ ತಳ್ಳಿಕೊಂಡು ಹೊರಬಂದವರು ಚಿಲಕ ಹಾಕಿಯೇ ಹೋಗಬೇಕು ಅಂತ ಮೇಸ್ತ್ರಿಯ ಹುಕುಂ. ಒಳಗಿದ್ದವನು ಹೊರಬರಬೇಕಾದಾಗ ಬಡಿಯುತ್ತಾನೆ, ಹೊರಗಿನವರು ತೆಗೆಯುತ್ತಾರೆ. ಇದೆಲ್ಲವನ್ನೂ ನಾನು ಸಲೀಸಾಗಿ ಹೇಳಿದೆ. ಮೇಸ್ತ್ರಿಯ ಹುಕುಂ ಅಂದಾಗ ಕಂಪನಿಯ ವಕೀಲರ ಮುಖ ಕಪ್ಪಿಟ್ಟಿತು.

ಒಳಗೆ ಇದ್ದವನು ಯಾರು ಅಂತ ವಿಚಾರಣಾಧಿಕಾರಿ ಕೇಳಿದರು.

‘ಹೆಸರು ಗೊತ್ತಿಲ್ಲ. ಬೇರೆಯವರ ಕಾರ್ಡ್ ಹಿಡ್ಕೊಂಡು ಕೆಲಸಕ್ಕೆ ಬರ್ತಿದ್ದ. ಮನೇಲಿ ಮೊಂಡ ಅಂತ ಕರೀತಾರೆ ಅಂದಿದ್ದ. ಇಬ್ರು ಅಕ್ಕಂದಿರಂತೆ, ದೊಡ್ಡೋಳದು ಹೊಲಿಗೆ ಅಂಗಡಿಯಂತೆ.’

ಆಗಲೇ ನಾನು ಎದ್ದು ನಿಂತು ಸತ್ತವನು ನನ್ನ ತಮ್ಮ, ಈ ಕೆಲಸದಿಂದ ನನ್ನನ್ನು ಬಿಟ್ಟುಬಿಡಿ ಅನ್ನಬೇಕಿತ್ತು. ಅನ್ನಲಿಲ್ಲ. ಇಷ್ಟು ಹೇಳಿದವನು ಮುಂದಿನದನ್ನೂ ಹೇಳಿ ಮುಗಿಸಲಿ, ಒಮ್ಮೆ ದಾಖಲಾಗಿಬಿಡಲಿ ಅಂತ ಆಸೆ. ಮೊಂಡ ಅನ್ನುವುದಕ್ಕೆ ಇವರ ಭಾಷೆಯ ಪದ ಹುಡುಕಿ ಹೇಳಿದೆ. ಇಬ್ಬರು ಅಕ್ಕಂದಿರು ಅಂತಲೂ ಹೇಳಿದೆ.

ಆಮೇಲೆ ಅವನು ಅಂಗಿಯ ಅಂಚು ಬಿಟ್ಟು ಹೇಳಿದ: ‘ಆವತ್ತು ಚಿಲಕ ಹಾಕಿದ್ದು ನಾನೇ.’

ನಾನೇ ಚಿಲಕ ಹಾಕಿದೆ ಅಂತ ನಾನು ಹೇಳಬೇಕು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಬಾಯಿ ತೆರೆದೆ. ‘ಇವನು ಹಾಕಿದನಂತೆ’ ಅಂದೆ. ‘ಚಿಲಕ ಹಾಕಿದ್ದು ಇವನು’ ಅಂತ ಬೆರಳು ಬೇರೆ ತೋರಿಸಿದೆ.

ಕಂಪನಿಯ ವಕೀಲರು ಎದ್ದರು. ಬೆಳಿಗ್ಗೆಯಿಂದ ನಿಯಮ ತಪ್ಪದವಳು ಈಗ ಯಾಕೆ ತಪ್ಪಿದಳು, ಸತ್ತವನು ಇವಳಿಗೆ ಏನಾಗಬೇಕು ಅಂತ ಕೇಳಿದರು. ಸುಳ್ಳು ಹೇಳಬಹುದಿತ್ತು. ನನ್ನ ತಮ್ಮ ಅಂದೆ. ಅಷ್ಟೇ ಸಾಕಾಯಿತು. ಬೆಳಿಗ್ಗೆಯಿಂದ ಅವನು ಹೇಳಿದ್ದೆಲ್ಲವನ್ನೂ ಅಧಿಕಾರಿ ದಾಖಲೆಯಿಂದ ಹೊಡೆದುಹಾಕಿದರು. ಬೇರೆ ದುಭಾಷಿಯನ್ನು ತಂದು ಮತ್ತೆ ಕೇಳುತ್ತಾರಂತೆ.

ನನ್ನನ್ನು ಹೊರಗೆ ಕಳಿಸುವಾಗ ಅವನು ನನ್ನತ್ತ ತಿರುಗಿ ಇನ್ನೊಂದು ಮಾತು ಹೇಳಿದ. ಅಲ್ಲಿ ಅರ್ಥವಾದದ್ದು ನನಗೊಬ್ಬಳಿಗೇ. ಅದನ್ನು ಮಾತ್ರ ನಾನು ಬರೆಯಲಾರೆ.

ನಿನ್ನ ತಂಗಿ

&nbsp;

ಮಾರ್ಚ್ ೨೧

ಯಂತ್ರದ ಮುಂದೆಯೇ ಓದಿದೆ. ನೀನು ಬೇಡ ಅಂದರೆ ಕೇಳುವವಳಾ ನಾನು. ಆವತ್ತು ಹೊಲಿದ ಅಂಗಿಗಳಿಗೆಲ್ಲ ಎರಡೂ ಕಡೆ ಎಡತೋಳು. ಬಿಚ್ಚಿ ಮತ್ತೆ ಹೊಲಿಯುತ್ತ ಅತ್ತೆ. ಅಂಗಡಿಗೆ ಬಂದವರು ಕಣ್ಣಿಗೇನಾಯಿತು ಅಂದರೆ ದಾರದ ಧೂಳು ಅಂದೆ. ಮನೆಗೆ ಹೋಗಿ ಮುಖ ತೊಳೆದು ಅಮ್ಮನ ಎದುರು ಕೂತು ಊಟ ಮಾಡಿದೆ. ‘ಇವನು ಫೋನ್ ಮಾಡಿದ್ನಾ?’ ಅಂದಳು. ಇಲ್ಲ ಅಂದೆ.

ನನಗೆ ನಿನ್ನ ಮೇಲೆ ಬೆಂಕಿಯಂಥ ಕೋಪ ಬಂದಿದೆ. ಮುಚ್ಚಿಟ್ಟುಕೊಳ್ಳುವುದಿಲ್ಲ. ಕಂಡಕಂಡ ಕಳ್ಳರಿಗೆ, ಕುಡುಕರಿಗೆ ನಾನು ನಾನು ಅಂದುಕೊಂಡು ಅನ್ನ ತಿಂದವಳು. ಒಡಹುಟ್ಟಿದವನಿಗಾಗಿ ಇನ್ನೊಂದು ಸಲ ಅನ್ನಲು ನಾಲಿಗೆ ಬರಲಿಲ್ಲವಾ? ಹಲ್ಲು ಕಚ್ಚಿಕೊಂಡು ಅಂದುಬಿಟ್ಟಿದ್ದರೆ ಅವನು ನಮ್ಮವನು ಅಂತ ಆಗುತ್ತಿತ್ತು. ಚಿಲಕ ಹಾಕಿಸಿದವರು ತಲೆ ತಗ್ಗಿಸಬೇಕಾಗುತ್ತಿತ್ತು. ಆ ಪೆಟ್ಟಿಗೆ ಅಮ್ಮನ ಮಡಿಲಿಗೆ ಬರುತ್ತಿತ್ತು. ಒಂದು ಮಾತು, ಅಷ್ಟೇ ಅಲ್ಲವಾ ನಿನ್ನ ಕೆಲಸ.

ಬರುವ ದುಭಾಷಿಯಾದರೂ ನೆಟ್ಟಗೆ ಹೇಳಲಿ. ಅಲ್ಲಿಯವರೆಗೆ ನನಗೆ ಬರೆಯಬೇಡ.

&nbsp;

ಏಪ್ರಿಲ್ ೨೮

ಅಕ್ಕಾ,

ಬರೆಯಬೇಡ ಅಂದಿದ್ದೆ. ಆದರೆ ವಿಚಾರಣೆ ಮುಗಿಯಿತು, ಬೇರೆ ಯಾರು ಹೇಳುತ್ತಾರೆ ನಿನಗೆ?

ಹೊಸ ದುಭಾಷಿ ಅಚ್ಚುಕಟ್ಟಾದ ಮನುಷ್ಯ. ನಾನು ಹಿಂದೆ ಜನರ ಬೆಂಚಿನಲ್ಲಿ ಕೂತಿದ್ದೆ. ಸಾಕ್ಷಿ ಬಂದವನು ನನ್ನನ್ನು ಒಮ್ಮೆ ನೋಡಿದ, ಕಂಪನಿಯ ವಕೀಲರನ್ನು ಒಮ್ಮೆ ನೋಡಿದ. ಅವನಿಗೂ ಪರವಾನಗಿ ಇಲ್ಲ, ಅದನ್ನು ಅವರು ಶುರುವಿನಲ್ಲೇ ಎತ್ತಿ ಹೇಳಿದ್ದರು. ಹೆದರಿದನೋ, ನನ್ನೆದುರು ಹೇಳಲಾಗಲಿಲ್ಲವೋ. ‘ಒಳಗೆ ಯಾರೋ ಒಬ್ಬ ಇದ್ದ. ಯಾರು ಅಂತ ಗೊತ್ತಿಲ್ಲ. ಚಿಲಕ ಯಾರು ಹಾಕಿದ್ರೋ ಗೊತ್ತಿಲ್ಲ’ ಅಂದ. ಹೊಸ ದುಭಾಷಿ ಅದನ್ನು ಒಂದಕ್ಷರ ಆಚೀಚೆ ಮಾಡದೆ ಹೇಳಿದ. ‘ನನಗೆ ಗೊತ್ತಿಲ್ಲ’ ಅಂತ ನಿಯಮದ ಪ್ರಕಾರವೇ ಹೇಳಿದ.

ಗುರುತು ಸಿಗದ ಒಬ್ಬ ಗಂಡಸು, ಆಕಸ್ಮಿಕ ಸಾವು ಅಂತ ತೀರ್ಮಾನವಾಯಿತು. ಯಾರ ಮೇಲೂ ತಪ್ಪಿಲ್ಲ.

ಬೂದಿಯನ್ನಾದರೂ ಕೊಡಿ ಅಂತ ನಗರಸಭೆಗೆ ಹೋದೆ. ಗುಮಾಸ್ತೆ ಒಳ್ಳೆಯ ಹೆಂಗಸು, ನೀರು ಕೊಟ್ಟು ಕೂರಿಸಿದಳು. ನಾನು ಅವನ ಅಕ್ಕ ಅಂದೆ. ಯಾರ ಅಕ್ಕ ಅಂತ ಕೇಳಿದಳು. ಅವಳು ನನ್ನನ್ನು ಅಣಕಿಸಲಿಲ್ಲ, ನಿಜವಾಗಿಯೇ ಕೇಳಿದಳು. ತೀರ್ಮಾನದಲ್ಲಿ ಹೆಸರೇ ಇಲ್ಲದಿದ್ದರೆ ಅಕ್ಕ ಎಲ್ಲಿಂದ ಬರಬೇಕು. ಮತ್ತೆ ಹೋದಾಗ ಪೆಟ್ಟಿಗೆ ಇರಲಿಲ್ಲ. ಕೇಳುವವರಿಲ್ಲದ ಬೂದಿಯನ್ನೆಲ್ಲ ಸ್ಮಶಾನದ ಹಿಂಬದಿಯ ಗುಂಡಿಗೆ ಸುರಿಯುತ್ತಾರಂತೆ. ಹೋಗಿ ನೋಡಿದೆ. ಗುಂಡಿ ಮುಚ್ಚಿ ಮೇಲೆ ಮಣ್ಣು ತಟ್ಟಿದ್ದರು. ನಿಂತು ಬಂದೆ.

ದುಭಾಷಿ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಒಂದು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ಅಲ್ಲಿ ಮಾತಾಡಬೇಕಾಗಿಲ್ಲ.

ನಿನ್ನ ತಂಗಿ

&nbsp;

ಜೂನ್ ೬

ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ಫೋನಿನಲ್ಲೂ ಅಮ್ಮನ ಆರೋಗ್ಯ, ಗ್ಯಾಸು, ಸೊಪ್ಪು ಅಂತ ಮುಗಿಸುತ್ತೀಯ.

ಬಟ್ಟೆ ಮಡಿಸುವವನು ನನ್ನನ್ನು ಹುಡುಕಿಕೊಂಡು ಹೋಟೆಲಿನ ಹಿಂಬಾಗಿಲಿಗೆ ಬಂದಿದ್ದ. ಮುಖ ಕಂಡದ್ದೇ ಬಾಗಿಲು ದೂಡಿ ಚಿಲಕ ಹಾಕಿದೆ. ಹಾಕಿದ ಮೇಲೆ ನನ್ನ ಕೈ ನೋಡಿಕೊಂಡೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ತೆಗೆದೆ. ಅವನು ಅಲ್ಲೇ ನಿಂತಿದ್ದ, ತಟ್ಟಿರಲಿಲ್ಲ.

ಅವನೂ ಮೊಂಡನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರಂತೆ. ಅವನಿಗೆ ನಿದ್ದೆಯಿಲ್ಲ. ಊಟ ಮಾಡಿದ್ದು ದಕ್ಕುವುದಿಲ್ಲ. ಅಮ್ಮನ ಹತ್ತಿರ ಒಂದು ಸಲ ಮಾತಾಡಬೇಕು, ನಿಜ ಹೇಳಬೇಕು, ಅವಳು ಉಗಿದರೆ ಉಗಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಅಕ್ಕನನ್ನು ಕೇಳಿ ಹೇಳುತ್ತೇನೆ ಅಂದೆ. ಅಮ್ಮನ ಜೊತೆ ಇರುವವಳು ನೀನು. ನೀನೇ ಹೇಳು.

ನಿನ್ನ ತಂಗಿ

&nbsp;

ಜೂನ್ ೨೯

ಪುಟ್ಟೀ,

ಅಮ್ಮನಿಗೆ ಹೇಳಿದೆ. ಇನ್ನೆಷ್ಟು ದಿನ ಮುಚ್ಚಿಡಲಿ. ಕಿವಿಯ ಹತ್ತಿರ ಬಾಯಿಟ್ಟು, ಕೈ ಹಿಡಿದುಕೊಂಡು ಹೇಳಿದೆ: ಮೊಂಡ ಬೆಂಕಿಯಲ್ಲಿ ಹೋದ.

ಅವಳು ಅಳಲಿಲ್ಲ. ನನಗೇ ಪಾಟೀಸವಾಲು ಹಾಕಿದಳು. ಯಾರು ನೋಡಿದರು, ಕೋರ್ಟಿನವರು ಏನಂದರು ಅಂತ. ಸುಳ್ಳು ಹೇಳಲಾಗದೆ, ಯಾರೋ ಒಬ್ಬ ಸತ್ತ ಅಂತ ಬರೆದಿದ್ದಾರೆ ಅಂದೆ. ಅಷ್ಟು ಸಿಕ್ಕಿದ್ದೇ ಸಾಕು, ಹಿಡಿದುಕೊಂಡುಬಿಟ್ಟಳು. ‘ಯಾರೋ ಒಬ್ಬ ಅಂದ್ರೆ ನನ್ನ ಮಗನೇ ಯಾಕಾಗ್ಬೇಕು? ಊರಲ್ಲಿ ಬೇರೆ ಯಾರೂ ಇರಲಿಲ್ವಾ?’ ಅಂದಳು. ಅವತ್ತಿನಿಂದ ಮೊದಲಿಗಿಂತ ಚೂಟಿಯಾಗಿದ್ದಾಳೆ. ಇವನು ಬಂದರೆ ಹೊದೆಯಲು ಬೇಕು ಅಂತ ಹಳೇ ಕಂಬಳಿ ಬಿಸಿಲಿಗೆ ಹಾಕಿಸಿದಳು. ನಾನು ಅಪಶಕುನದವಳು ಅಂತ ನನ್ನ ಕೈಯ ಕಾಫಿ ಕುಡಿಯುತ್ತಿಲ್ಲ.

ಅವಳು ಹೀಗೆ ಬಾಗಿಲು ನೋಡುತ್ತಲೇ ಸಾಯುತ್ತಾಳೆ ಪುಟ್ಟೀ. ಅದನ್ನು ನಾನು ದಿನವೂ ನೋಡಬೇಕು. ನನ್ನ ಮಾತು ನಂಬಲ್ಲ, ಕೋರ್ಟು ಕೈಕೊಟ್ಟಿತು. ಕಂಡವನೇ ಹೇಳಲಿ. ಅವನಿಗೆ ನಂಬರು ಕೊಡು, ಭಾನುವಾರ ಮಾಡಲಿ.

ಅಕ್ಕ

&nbsp;

ಜುಲೈ ೨೨

ಪುಟ್ಟೀ,

ಹೋದ ಭಾನುವಾರ ಅವನು ಫೋನ್ ಮಾಡಿದ.

ಅಮ್ಮನನ್ನು ಮಂಚದ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ಫೋನು ನನ್ನ ಕಿವಿಗೆ, ನನ್ನ ಬಾಯಿ ಅವಳ ಕಿವಿಗೆ. ಒಂದೊಂದೇ ಮಾತು ಹೇಳಿ ನಿಲ್ಲಿಸಿ, ನಾನು ಅಮ್ಮನಿಗೆ ದಾಟಿಸುತ್ತೇನೆ ಅಂತ ಅವನಿಗೆ ಹೇಳಿದೆ. ಶುರುವಿನಲ್ಲಿ ‘ಅವನು ಮೊಂಡನ ಜೊತೆಗೆ ಇದ್ದನಂತೆ ಅಮ್ಮ, ಬಟ್ಟೆ ಮಡಿಸ್ತಿದ್ದನಂತೆ’ ಅಂತ ಹೇಳುತ್ತಿದ್ದೆ. ಅಮ್ಮನಿಗೆ ಯಾರು ಯಾರೆಂದು ತಿಳಿಯದೆ ರೇಗಿಹೋಯಿತು. ‘ಅಂತೆ ಅಂತೆ ಅನ್ಬೇಡ. ಅವನು ಹೇಗೆ ಹೇಳ್ತಾನೋ ಹಾಗೇ ಹೇಳು’ ಅಂದಳು.

ಹಾಗೇ ಹೇಳಿದೆ. ನಾನು ಅವನ ಜೊತೆ ಇದ್ದೆ ಅಂದೆ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದಿದ್ದೇವೆ ಅಂದೆ. ಅವನು ಮಾತುಮಾತಿಗೆ ಅಮ್ಮ ಅನ್ನುತ್ತಿದ್ದ, ನಾನೂ ಅನ್ನುತ್ತಿದ್ದೆ. ಯಾವ ಅಮ್ಮ ಅವನದು, ಯಾವುದು ನನ್ನದು ಅಂತ ನನಗೇ ತಿಳಿಯದೆ ಹೋಯಿತು. ಆಮೇಲೆ ಅದು ಬಂತು. ನಿಲ್ಲಿಸಿದರೆ ಹೇಳಲಾರೆ ಅಂತ ಒಂದೇ ಉಸಿರಿಗೆ ಹೇಳಿದೆ: ‘ಆವತ್ತು ಚಿಲಕ ಹಾಕಿದ್ದು ನಾನೇ ಅಮ್ಮ.’

ಅಮ್ಮ ಫೋನಿನ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು. ಹೆತ್ತ ಮಗಳು ಅನ್ನುವುದು ಮರೆತವಳ ಹಾಗೆ ನೋಡಿದಳು. ನಿನಗೆ ಆವತ್ತು ಬಾಯಿ ಯಾಕೆ ಬರಲಿಲ್ಲ ಅಂತ ನನಗೆ ಆಗ ತಿಳಿಯಿತು. ಮಾರ್ಚಿನಲ್ಲಿ ನಾನು ಬರೆದದ್ದನ್ನು ಹರಿದು ಹಾಕು. ಇಟ್ಟುಕೊಳ್ಳಬೇಡ.

ಅವಳು ನನ್ನ ಮಣಿಕಟ್ಟು ಹಿಡಿದು ಒಂದೇ ಪ್ರಶ್ನೆ ಕೇಳಿದಳು: ‘ಬಾಗಿಲು ಬಡಿದನಾ?’

ಅವನಿಗೆ ಕೇಳಿದೆ. ಬಹಳ ಹೊತ್ತು ಆ ಕಡೆ ಬರೀ ಅಳು. ಆಮೇಲೆ, ‘ಬಡಿದ. ಸುಮಾರು ಹೊತ್ತು ಬಡಿದ. ಹೊಗೆಗೆ ಹೆದರಿ ನಾನು ವಾಪಸ್ ಹೋಗ್ಲಿಲ್ಲ. ನಂಗೆ ಕೇಳಿಸ್ತಾನೇ ಇತ್ತು’ ಅಂದ.

ನೀನು ಬರೆಯಲಾರೆ ಅಂದ ಮಾತು ಇದೇ ಅಲ್ಲವಾ. ಇದನ್ನು ಇಷ್ಟು ದಿನ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ತರಕಾರಿ ಹೆಚ್ಚಿದೆಯಾ. ನಿನ್ನ ಕೆಲಸದ ನಿಯಮವನ್ನು ಅಲ್ಲಿಯವರೆಗೆ ಪಾಲಿಸಿದವಳು ನಾನೂ ಅಲ್ಲಿಗೇ ಬಂದು ತಪ್ಪಿದೆ. ಅಮ್ಮನ ಕಿವಿಗೆ ಬಾಯಿಟ್ಟು, ‘ಇಲ್ಲಮ್ಮ. ಬಡೀಲಿಲ್ಲ’ ಅಂದೆ.

ಅಮ್ಮ ನನ್ನ ಕೈ ಬಿಟ್ಟು ಸೆರಗಿನಿಂದ ನನ್ನ ಮುಖ ಒರೆಸಿದಳು.

‘ಮೊಂಡ ಅವನು’ ಅಂದಳು. ‘ಬಡೀದೆ ಇರ್ತಾನಾ?’

ಅಕ್ಕ